ಟೆಂಪಲ್‌ಮಾಯ್ಲ್ ಕೃಷಿಶಾಲೆಯ ಜಮಾ-ಖರ್ಚು

ಹತ್ತೊಂಬತ್ತನೇ ಶತಮಾನದ ಐರ್ಲೆಂಡಿನ ಕೃಷಿಶಾಲೆಗಳ ಬಗ್ಗೆ ಓದುವಾಗ ಪಠ್ಯಕ್ರಮಕ್ಕಿಂತ ಮೊದಲು ಲೆಕ್ಕದ ಪುಸ್ತಕ ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಶಾಲೆ ಯಾಕೆ ಬೆಳೆಯಿತು, ಯಾಕೆ ಮುಚ್ಚಿತು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಲಂಡನ್‌ಡೆರಿಯಿಂದ ಸುಮಾರು 6 ಮೈಲಿ ದೂರದ ಟೆಂಪಲ್‌ಮಾಯ್ಲ್ ಶಾಲೆ 1826-27ರಲ್ಲಿ ಹುಟ್ಟಿತು. ಕಟ್ಟಿದ್ದು ಸರ್ಕಾರವಲ್ಲ, ವಾಯವ್ಯ ಐರ್ಲೆಂಡಿನ ಕೃಷಿ ಸಂಘದ ಸದಸ್ಯರು. ಜಮೀನು ಲಂಡನ್ನಿನ ಹಳೆಯ ವರ್ತಕ ಸಂಘವಾದ ಗ್ರೋಸರ್ಸ್ ಕಂಪನಿಯದು, ವಿಸ್ತಾರ 172 ಎಕರೆ. ಬಂಡವಾಳಕ್ಕೆ ತಲಾ 25 ಪೌಂಡಿನ ಷೇರುಗಳನ್ನು ಮಾರಿದರು. ಷೇರು ಕೊಂಡವರಿಗೆ ಒಬ್ಬ ಹುಡುಗನ ಹೆಸರು ಸೂಚಿಸುವ ಹಕ್ಕು. ಹಾಗಂತ ಆ ಹುಡುಗನ ಶುಲ್ಕವೇನೂ ಮಾಫಿಯಾಗುತ್ತಿರಲಿಲ್ಲ. ವರ್ಷಕ್ಕೆ 10 ಪೌಂಡ್ ಕಟ್ಟಲೇಬೇಕಿತ್ತು.

ಆ 10 ಪೌಂಡನ್ನು ಒಡೆದು ನೋಡಿ. 20 ಶಿಲ್ಲಿಂಗಿಗೆ ಒಂದು ಪೌಂಡ್, ಅಂದರೆ 200 ಶಿಲ್ಲಿಂಗ್. 52 ವಾರಕ್ಕೆ ಹಂಚಿದರೆ ವಾರಕ್ಕೆ 4 ಶಿಲ್ಲಿಂಗ್‌ಗೂ ಕಡಿಮೆ. ಊಟ, ವಸತಿ, ಪಾಠ ಎಲ್ಲ ಅದರಲ್ಲೇ. ಉಳಿದದ್ದನ್ನು ಹೊಲವೇ ತುಂಬಿಕೊಡಬೇಕು. ಅದಕ್ಕೇ ಅರ್ಧದಷ್ಟು ಹುಡುಗರು ತರಗತಿಯಲ್ಲಿದ್ದಾಗ ಇನ್ನರ್ಧ ಹೊಲದಲ್ಲಿರುತ್ತಿದ್ದರು. ಮಧ್ಯಾಹ್ನದ ನಂತರ ಅದಲುಬದಲು. ಕಲಿಸುವ ಕ್ರಮವಾಗಿ ಇದು ಬಹಳ ಒಳ್ಳೆಯದು. ಜೊತೆಗೆ ಕೂಲಿಯ ಖರ್ಚನ್ನೂ ತಗ್ಗಿಸುತ್ತಿತ್ತು.

ಇಂಥ ವ್ಯವಸ್ಥೆಯ ದುರ್ಬಲ ಜಾಗ ವಿದ್ಯಾರ್ಥಿಗಳ ಸಂಖ್ಯೆ. ಉದಾಹರಣೆಗೆ 60 ಹುಡುಗರಿದ್ದರೆ ಶುಲ್ಕ 600 ಪೌಂಡ್. 15 ಮಂದಿ ಕಡಿಮೆಯಾದರೆ 150 ಪೌಂಡ್ ಹೋಯಿತು, ಆದರೆ ಮೇಷ್ಟರ ಸಂಬಳವೂ ಗೇಣಿಯೂ ಒಂದು ಪೆನ್ನಿ ಇಳಿಯುವುದಿಲ್ಲ. 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿದ್ದಾಗ ಸಣ್ಣ ರೈತರ ಕೈಯಲ್ಲಿ ಶುಲ್ಕಕ್ಕೆ ದುಡ್ಡಿಲ್ಲ, ಅಡುಗೆಮನೆಗೆ ಬೇಕಾದ ಧಾನ್ಯವೋ ದುಬಾರಿ. ಜಮಾ ಇಳಿದ ಹೊತ್ತಿಗೇ ಖರ್ಚು ಏರುವ ಪರಿಸ್ಥಿತಿ. ಟೆಂಪಲ್‌ಮಾಯ್ಲ್ ಕೊನೆಗೆ 1866ರಲ್ಲಿ ಮುಚ್ಚಿತು.

ಇಂಥ ಶಾಲೆಗಳ ಲೆಕ್ಕ ಓದುವಾಗ ಮೋಸಹೋಗುವುದು ‘ಹೊಲದ ಲಾಭ’ ಅನ್ನುವ ಸಾಲಿನಲ್ಲಿ. ಹೊಲದ ಹಾಲು, ತರಕಾರಿ ಶಾಲೆಯ ಅಡುಗೆಮನೆಗೆ ಹೋದರೆ ಹೊಲದ ಖಾತೆಗೆ ಜಮಾ, ಊಟದ ಖಾತೆಗೆ ಖರ್ಚು. ದುಡ್ಡು ಒಂದು ಕಿಸೆಯಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೇ. ವರ್ಷದ ಕೊನೆಯಲ್ಲಿ ದನಕರು, ಮೇವು, ಗೊಬ್ಬರಕ್ಕೆ ಕಟ್ಟಿದ ಬೆಲೆಯೂ ಲಾಭದಲ್ಲಿ ಸೇರುತ್ತದೆ. ಬೆಲೆ ಹೆಚ್ಚಿಗೆ ಕಟ್ಟಿದರೆ ನಗದಿಲ್ಲದ ಲಾಭ ಕಾಣುತ್ತದೆ. ಮೊದಲು ನಗದು ಶಿಲ್ಕು ನೋಡಿ, ಆಮೇಲೆ ಉಳಿದದ್ದು. ಎಕರೆಯ ಬಗ್ಗೆಯೂ ಎಚ್ಚರ ಬೇಕು: 121 ಐರಿಷ್ ಎಕರೆ ಅಂದರೆ 196 ಇಂಗ್ಲಿಷ್ ಎಕರೆ. ಯಾವ ಎಕರೆ ಎಂದು ಗೊತ್ತಾಗದೆ ಎಕರೆವಾರು ಗೇಣಿ ಹೋಲಿಸಬಾರದು. 1826ರ ಜನವರಿಗೆ ಮುಂಚಿನ ಕಾಗದಗಳಲ್ಲಿ ಹಣವೂ ಬೇರೆ, 13 ಐರಿಷ್ ಪೆನ್ನಿಗೆ 12 ಬ್ರಿಟಿಷ್ ಪೆನ್ನಿ.

ಸರ್ಕಾರಿ ಶಾಲೆಗಳ ಕಥೆ ಬೇರೆ. 1831ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಮಂಡಳಿ 1838ರಲ್ಲಿ ಡಬ್ಲಿನ್ ಪಕ್ಕದ ಗ್ಲಾಸ್ನೆವಿನ್‌ನಲ್ಲಿ ಮಾದರಿ ತೋಟ ತೆರೆಯಿತು, ಆಮೇಲೆ ಬೇರೆ ಜಿಲ್ಲೆಗಳಲ್ಲೂ. ಇಲ್ಲಿ ಷೇರುದಾರರ ಜಾಗದಲ್ಲಿ ಸಂಸತ್ತು ಮಂಜೂರು ಮಾಡುವ ಹಣ. ವಿದ್ಯಾರ್ಥಿ ಕಡಿಮೆಯಾದರೂ ಬಾಗಿಲು ಮುಚ್ಚುವ ಭಯವಿಲ್ಲ, ನಿಜ. ಆದರೆ ಪ್ರತಿ ಪೌಂಡಿಗೂ ಸಾರ್ವಜನಿಕವಾಗಿ ಉತ್ತರ ಕೊಡಬೇಕು. ತೆರಿಗೆ ಹಣದಲ್ಲಿ ಬೇಸಾಯ ಯಾಕೆ ಎಂದು ಲಿವರ್‌ಪೂಲಿನ ಹಣಕಾಸು ಸುಧಾರಣಾ ಸಂಘ ದಾಳಿ ಮಾಡಿತು. ಮುಂದೆ ಐರ್ಲೆಂಡಿನ ಪ್ರಾಥಮಿಕ ಶಿಕ್ಷಣವನ್ನು ಪರಿಶೀಲಿಸಿದ ಸರ್ಕಾರಿ ಪೋವಿಸ್ ಆಯೋಗವೂ ಈ ತೋಟಗಳ ಪರವಾಗಿ ನಿಲ್ಲಲಿಲ್ಲ. ಪಾಠಕ್ಕಾದ ವೆಚ್ಚವನ್ನು ಬೇಸಾಯದ ನಷ್ಟವೆಂದು ಎಣಿಸಿದ್ದು ಅನ್ಯಾಯ ಎಂದೇ ನನಗೆ ಅನಿಸುತ್ತದೆ. ಎರಡನ್ನೂ ಮೊದಲಿನಿಂದ ಬೇರೆ ಬೇರೆ ಖಾತೆಯಲ್ಲಿ ತೋರಿಸಿದ್ದರೆ ವಾದಕ್ಕೆ ಒಂದು ನೆಲೆ ಇರುತ್ತಿತ್ತು.

1870ರ ದಶಕದಲ್ಲಿ ಬಹುತೇಕ ತೋಟಗಳು ಕೈಬಿಟ್ಟುಹೋಗಿ ಗ್ಲಾಸ್ನೆವಿನ್ ಮತ್ತು ದಕ್ಷಿಣದ ಕಾರ್ಕ್ ನಗರದ ತೋಟ ಉಳಿದವು. ಕಾರ್ಕ್ ಉಳಿದದ್ದು ಬೆಣ್ಣೆಯಿಂದ: ಸ್ಥಳೀಯ ಸಮಿತಿಯೊಂದು ಮುಂದೆ ಬಂದು, 1880ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಹೈನುಗಾರಿಕೆಯ ತರಗತಿ ಶುರುಮಾಡಿತು. ಬೆಣ್ಣೆ ಕಡೆಯುವುದು, ತೊಳೆಯುವುದು, ಉಪ್ಪು ಹಾಕುವುದು ಕಲಿಸುವ ಶಾಲೆಗೆ ಕಾರ್ಕ್‌ನ ಬೆಣ್ಣೆ ವ್ಯಾಪಾರವೇ ಬೆಂಬಲವಾಗಿತ್ತು.