ಸ್ಪಿತಿಗೆ ಬೈಕಲ್ಲಿ ಹೊರಟಿದ್ದೀರಾ? ಮೊದಲು ಟೈರ್ ನೋಡಿ

ಸ್ಪಿತಿ ಅಂದರೆ ಹಿಮಾಚಲ ಪ್ರದೇಶದ ಎತ್ತರದ ಕಣಿವೆ. ಶಿಮ್ಲಾ, ರಿಕಾಂಗ್ ಪಿಯೊ, ನಾಕೊ, ತಾಬೊ ಮೇಲಿಂದ ಅಲ್ಲಿನ ಮುಖ್ಯ ಊರು ಕಾಜಾ ಸೇರಿ, ಅಲ್ಲಿಂದ ಕುಂಜುಮ್ ಪಾಸ್ ದಾಟಿ ಮನಾಲಿಗೆ ಇಳಿದೆವು. ಕಾಜಾದಿಂದ ಮನಾಲಿಗೆ ಸುಮಾರು 200 ಕಿ.ಮೀ. ಅದರಲ್ಲಿ ಮೈಮುರಿಯುವುದು ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿ.ಮೀ. ಈ ಒಂದು ತುಂಡಿಗೆ ಹೆದರಿ ಎಷ್ಟೋ ಜನ ದಪ್ಪ ಬಟನ್ ಟೈರ್ (ಮೇಲ್ಮೈಯಲ್ಲಿ ರಬ್ಬರಿನ ದಪ್ಪ ಗುಬ್ಬಿಗಳಿರುವ ಟೈರ್) ಹಾಕಿಸಿಕೊಂಡು ಹೊರಡುತ್ತಾರೆ. ಅದಕ್ಕೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಮಾತು.

ನಮ್ಮ ಮಲೆನಾಡಿನ ಮಳೆಗಾಲದ ಕೆಸರಿಗಾದರೆ ಆಳವಾದ ಬಟನ್ ಬೇಕು, ಒಪ್ಪುತ್ತೇನೆ. ಇಲ್ಲಿ ಕೆಸರು ಕಡಿಮೆ, ಕಲ್ಲೇ ಎಲ್ಲ. ಚಂದ್ರಾ ನದಿಯ ಪಕ್ಕದಲ್ಲಿ ಮುಷ್ಟಿಗಾತ್ರದ ಉರುಟು ಕಲ್ಲು, ರಸ್ತೆ ಅಗಲಿಸಲು ಗುಡ್ಡ ಕಡಿದ ಕಡೆ ಚೂಪು ಕಲ್ಲು. ಅಂಥ ಕಡೆ ಬಟನ್‌ಗೆ ಕಚ್ಚಿ ಹಿಡಿಯಲು ಏನೂ ಸಿಗುವುದಿಲ್ಲ. ಏಟು ತಡೆಯಬೇಕಾದದ್ದು ಟೈರಿನ ಒಡಲು, ಅದರಲ್ಲೂ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ. ಉಳಿದ ದಾರಿಯಲ್ಲಿ ಬಹುಪಾಲು ಡಾಂಬರು. ರಿಕಾಂಗ್ ಪಿಯೊ ಕಡೆಯ ಕಿನ್ನೌರ್ ಜಿಲ್ಲೆಯ ತಿರುವುಗಳಲ್ಲಿ ಮಳೆ ಬಿದ್ದರೆ ಪೂರ್ತಿ ಬಟನ್ ಟೈರ್ ನಂಬಿ ಬೈಕ್ ವಾಲಿಸಲು ಧೈರ್ಯ ಬರುವುದಿಲ್ಲ, ಬೇಗ ಸವೆಯುವುದೂ ಅದೇ. ಡಾಂಬರು, ಮಣ್ಣು ಎರಡಕ್ಕೂ ಆಗುವ ಡ್ಯುಯಲ್ ಪರ್ಪಸ್ ಟೈರ್ ಸಾಕು. ಆದರೆ ಹೊಸದಿರಲಿ.

ಹೊಸದು ಅಂದರೆ ಅಂಗಡಿಯವನ ಬಾಯಿಮಾತಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ರಬ್ಬರ್ ಗಡುಸಾಗಿರುತ್ತದೆ, ಬೇಡ ಅನ್ನಿ. ಕೂರಿಸುವಾಗ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯಾ ನೋಡಿ. ಹೊರಡುವ ಮೊದಲು ಊರಲ್ಲೇ ನೂರಿನ್ನೂರು ಕಿ.ಮೀ. ನಿಧಾನವಾಗಿ ಓಡಿಸಿ, ಹೊಸ ಟೈರಿನ ಮೇಲ್ಮೈ ನುಣುಪು ಹೋಗಲಿ. ಸೈಜ್ ಮಾತ್ರ ಬದಲಾಯಿಸಬೇಡಿ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕಿಗೆ ಮುಂದೆ 90/90-21, ಹಿಂದೆ 120/90-17. ಕಂಪನಿ ಕೊಟ್ಟದ್ದೇ ಇರಲಿ. ಮುಂದಿನ 21 ಇಂಚಿನ ಚಕ್ರ ಗುಂಡಿ ಹತ್ತಿ ಇಳಿಯುವ ಸುಖ ಸಣ್ಣ ಚಕ್ರಕ್ಕೆ ಬರುವುದಿಲ್ಲ.

ಇನ್ನು ಗಾಳಿ. ಬಾತಲ್, ಗ್ರಾಂಫೂ ನಡುವಿನ ಛೋಟಾ ದಾರಾ ಹತ್ತಿರ ಜೊತೆಗಿದ್ದ ಗೆಳೆಯನ ಹಿಂದಿನ ಚಕ್ರ ಕೂತಿತು. ಟ್ಯೂಬ್ ಹೊರಗೆಳೆದಾಗ ಮೊಳೆಯ ತೂತು ಎಲ್ಲೂ ಇಲ್ಲ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು. ಗ್ರಿಪ್ ಸಿಗಲೆಂದು ಅವನು ಗಾಳಿ ತುಂಬ ಇಳಿಸಿದ್ದ. ಹಿಂದೆ ಲಗೇಜಿನ ಭಾರ ಬೇರೆ. ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿದಿತ್ತು. ಈ ದಾರಿಯಲ್ಲಿ ಗಾಳಿ ಇಳಿಸುವುದಿದ್ದರೆ ಕಂಪನಿ ಹೇಳಿದ್ದಕ್ಕಿಂತ ಎರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮಾತ್ರ, ಅದೂ ಮುಂದಿನ ಚಕ್ರಕ್ಕೆ. ಲಗೇಜು ಹೊತ್ತ ಹಿಂದಿನದನ್ನು ಮುಟ್ಟಬೇಡಿ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಗೇಜಿನ ಮುಳ್ಳು ಏರುತ್ತದೆ, ಚಳಿಗೆ ಇಳಿಯುತ್ತದೆ. ಚಂಡೀಗಢದಲ್ಲಿ ತುಂಬಿಸಿದ್ದೇನೆ ಎಂದು ಕೂರಬೇಡಿ. ಕಾಜಾದಲ್ಲಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ, ನಿಮ್ಮದೇ ಗೇಜಿನಲ್ಲಿ ನೋಡಿ.

ಮುಂದಕ್ಕೊಂದು ಹಿಂದಕ್ಕೊಂದು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪು ಜೊತೆಯಲ್ಲಿರಲಿ. ಹಿಂದಿನ ಚಕ್ರ ಬಿಚ್ಚುವ ದೊಡ್ಡ ಸ್ಪ್ಯಾನರ್ ಎಷ್ಟೋ ಜನರ ಕಿಟ್‌ನಲ್ಲಿ ಇರುವುದೇ ಇಲ್ಲ! ಟ್ಯೂಬ್‌ಲೆಸ್ ಅಲಾಯ್ ಚಕ್ರದವರೂ ಒಂದು ಟ್ಯೂಬ್ ಇಟ್ಟುಕೊಳ್ಳಿ. ರಿಮ್ಮಿನ ಅಂಚು ಸೊಟ್ಟಗಾಗಿ ಗಾಳಿ ನಿಲ್ಲದಿದ್ದರೆ ತೂತಿಗೆ ತುರುಕುವ ಪಂಕ್ಚರ್ ಬತ್ತಿ ಉಪಯೋಗಕ್ಕೆ ಬರುವುದಿಲ್ಲ, ಒಳಗೆ ಟ್ಯೂಬ್ ಹಾಕಿದರೆ ಮನಾಲಿ ಮುಟ್ಟಬಹುದು. ಕಾಜಾ ಬಿಟ್ಟರೆ ಮನಾಲಿಯವರೆಗೆ ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ಭರ್ತಿ ಮಾಡಿಸಿಕೊಂಡೇ ಹೊರಡಿ.

ಬೆಳಕು ಹರಿಯುತ್ತಲೇ ಕಾಜಾ ಬಿಡಿ. ಬಿಸಿಲೇರಿದಂತೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ ನಾಲಾಗಳಲ್ಲಿ ನೀರು ಹೆಚ್ಚುತ್ತದೆ, ತಳದ ಕಲ್ಲು ಕಾಣುವುದಿಲ್ಲ. ಮೊದಲ ಗೇರಿನಲ್ಲಿ, ಕ್ಲಚ್ ಹಿಡಿಯದೆ, ಒಂದೇ ಹದದಲ್ಲಿ ದಾಟಿ. ಬಾತಲ್‌ನಲ್ಲಿ ಚಹಾಕ್ಕೆ ನಿಂತಾಗ ಸ್ಪೋಕುಗಳನ್ನು ಒಂದೊಂದಾಗಿ ಮುಟ್ಟಿ, ಸಡಿಲಾಗಿದ್ದರೆ ಅಲ್ಲೇ ಬಿಗಿ ಮಾಡಿ. ಗ್ರಾಂಫೂ ದಾಟಿ ಡಾಂಬರು ಸಿಕ್ಕ ಮೇಲೆ ಇಳಿಸಿದ ಗಾಳಿಯನ್ನು ತುಂಬಿಸಿಕೊಂಡೇ ಮನಾಲಿಗೆ ದಾಟಿಸುವ ಅಟಲ್ ಸುರಂಗದ ಕಡೆ ಹೊರಡಿ.