ಟಾಲರೆನ್ಸ್ ಎಷ್ಟು?

2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್ ಹಾರಿತಲ್ಲ, ಅದರಲ್ಲಿ ಸ್ಟಡ್‌ಸ್ಯಾಟ್ ಅನ್ನೋ ಪುಟಾಣಿ ಉಪಗ್ರಹವೂ ಇತ್ತು. ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ್ದು. ತೂಕ ಒಂದು ಕೆಜಿಯೂ ಇಲ್ಲ. ನಾವಾಗ ಫೈನಲ್ ಇಯರ್. ಅವರು ಏಳು ಕಾಲೇಜು ಸೇರಿಸಿ ಉಪಗ್ರಹ ಮಾಡಿದರೆ, ನಾವು ಮೂರು ಬ್ರಾಂಚ್ ಸೇರಿಸಿ ಅಡಿಕೆ ಒಣಗಿಸೋ ಪೆಟ್ಟಿಗೆಯನ್ನಾದರೂ ಮಾಡಬಾರದಾ ಅಂತ ಕ್ಯಾಂಟೀನಲ್ಲಿ ಮಾತು ಶುರುವಾಯಿತು.

ಅಡಿಕೆ ಯಾಕೆ ಅಂದರೆ ಮೆಕ್ಯಾನಿಕಲ್ ಹುಡುಗ ಶಿರಸಿ ಕಡೆಯವನು. ಬೇಯಿಸಿದ ಅಡಿಕೆ ಹರವಿದಾಗ ಮಳೆ ಬಂದರೆ ಬೂಷ್ಟು ಹಿಡಿದು ರೇಟು ಬೀಳುತ್ತದೆ ಅಂತ ಅವನಿಗೆ ಗೊತ್ತಿತ್ತು. ಕಂಪ್ಯೂಟರ್ ಸೈನ್ಸ್‌ನಿಂದ ಒಬ್ಬಳು, ಎಲೆಕ್ಟ್ರಾನಿಕ್ಸ್‌ನಿಂದ ನಾನು.

ಮೊದಲ ವಾರವೇ ಮೆಕ್ಯಾನಿಕಲ್ ಹುಡುಗ ಕೇಳಿದ, "ಟಾಲರೆನ್ಸ್ ಎಷ್ಟು?" ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆದರೂ ನಡೆಯುತ್ತೆ ಅಂತ. ನನ್ನ ಕೈಯಲ್ಲಿ ರೆಸಿಸ್ಟರ್ ಇತ್ತು, ಅದರ ಟಾಲರೆನ್ಸ್ ಹೇಳೋ ಚಿನ್ನದ ಬಣ್ಣದ ಪಟ್ಟಿ ನೋಡಿ "ಐದು ಪರ್ಸೆಂಟ್" ಅಂದೆ. ಅವನು ಕೇಳಿದ್ದು ಪೆಟ್ಟಿಗೆಯಲ್ಲಿ ಸರ್ಕ್ಯೂಟ್ ಬೋರ್ಡ್ ಕೂರೋ ಜಾಗದ ಅಳತೆಗೆ. ನೂರು ಮಿಲಿಮೀಟರಿಗೆ ಐದು ಮಿಲಿಮೀಟರ್ ಹೆಚ್ಚುಕಮ್ಮಿ ಅಂದರೆ ಲೇತ್ ಮುಂದೆ ನಿಂತವನ ಮುಖ ಹೇಗಾಗಬೇಡ! ಇಡೀ ಬ್ಯಾಚಿಗೆ ಅದೇ ಜೋಕ್ ಆಯಿತು.

ನಗು ಬಾರದ್ದು ಸೆನ್ಸರ್ ವಿಷಯ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಎಲ್‌ಎಂ35, ಉಷ್ಣತೆ ಅಳೆದು ಒಂದು ಡಿಗ್ರಿಗೆ ಹತ್ತು ಮಿಲಿವೋಲ್ಟ್ ಕೊಡೋ ಪುಟ್ಟ ಪಾರ್ಟು. ಫ್ಯಾನ್ ಹಾಕಿದ ತಕ್ಷಣ ಡಿಸ್‌ಪ್ಲೇಯಲ್ಲಿ ಉಷ್ಣತೆ ನಾಲ್ಕೈದು ಡಿಗ್ರಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಪ್ರೋಗ್ರಾಮಿನದ್ದೇ ತಪ್ಪು ಅಂತ ನಾನು ಮೂರು ದಿನ ಕಂಪ್ಯೂಟರ್ ಸೈನ್ಸ್ ಹುಡುಗಿಯ ತಲೆ ತಿಂದೆ. ಅವಳು ಎರಡು ಸಲ ಬರೆದಳು, ಮೂರನೇ ಸಲ "ನೀನು ಮೊದಲು ನಿನ್ನ ವೈರ್ ನೋಡೋ" ಅಂದಳು. ನೋಡಿದೆ. ಚೆಂದ ಕಾಣಲಿ ಅಂತ ನಮ್ಮ ಶಿರಸಿ ಹುಡುಗ ಸೆನ್ಸರ್ ವೈರನ್ನೂ ಫ್ಯಾನಿನ ವೈರನ್ನೂ ಒಟ್ಟಿಗೆ ಜಡೆ ಹೆಣೆದ ಹಾಗೆ ಬಿಗಿದು ಕಟ್ಟಿದ್ದ, ಮೋಟಾರಿನ ಗದ್ದಲವೆಲ್ಲ ಪಕ್ಕದ ವೈರಿಗೆ ಇಳಿಯುತ್ತಿತ್ತು. ಅವನು ಹಾಗೆ ಕಟ್ಟುವಾಗ ನಾನು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದೆ! ಟ್ಯಾಗ್ ಕತ್ತರಿಸಿ ಬೇರೆ ಮಾಡಿದ ಮೇಲೆ ಅಂಕಿ ನಿಂತಿತು. ಅವಳು ಏನೂ ಅನ್ನಲಿಲ್ಲ. ಆ ತಿಂಗಳ ಕ್ಯಾಂಟೀನ್ ಬಾಕಿ ನಾನೇ ಕಟ್ಟಿದೆ.

ಮಾರ್ಕ್ಸ್ ಬ್ರಾಂಚ್ ಪ್ರಕಾರ, ಹಾಗಾಗಿ ಒಂದೇ ಪೆಟ್ಟಿಗೆಗೆ ಮೂರು ರಿಪೋರ್ಟ್ ಬರೆದೆವು, ಫೋಟೋ ಮಾತ್ರ ಒಂದೇ.

ಪೆಟ್ಟಿಗೆ ಈಗ ಶಿರಸಿಯಲ್ಲಿ ಅವನ ಮನೆಯಲ್ಲಿದೆ. ಮೊನ್ನೆ ಫೋನ್ ಮಾಡಿದಾಗ ಹೇಳಿದ, ಅದರಲ್ಲಿ ಅಡಿಕೆಗಿಂತ ಜಾಸ್ತಿ ಹಲಸಿನ ಹಪ್ಪಳ ಒಣಗಿದೆಯಂತೆ.