ಇಷ್ಟು ನೇರವಾಗಿ ಕೇಳಿದ್ರೆ ಬೇಜಾರಾಗಲ್ವಾ ಮೇಡಂ?

ಮಂಗಳವಾರದಿಂದ ಈ ಒಂದು ಮಾತು ತಲೇಲಿ ಸುತ್ತಾ ಇದೆ. ಬಿಕಾಂ ಮಕ್ಕಳಿಗೆ ಇಂಗ್ಲಿಷ್ ಕ್ಲಾಸಲ್ಲಿ ಈಮೇಲ್ ಬರೆಯೋದು ಹೇಳ್ಕೊಡ್ತಿದ್ದೆ. ಸಿಸಿ ಅಂದ್ರೆ ಹಿಂದೆ ಟೈಪ್‌ರೈಟರ್‌ನಲ್ಲಿ ಎರಡು ಹಾಳೆ ಮಧ್ಯೆ ಕಾರ್ಬನ್ ಪೇಪರ್ ಇಟ್ಟು ತೆಗೀತಿದ್ದ ಕಾರ್ಬನ್ ಕಾಪಿ, ಬಿಸಿಸಿಯಲ್ಲಿ ಹಾಕಿದೋರು ಬೇರೆಯವರಿಗೆ ಕಾಣಲ್ಲ, ಈಮೇಲ್ ಐಡಿಯ ಆ ಅಟ್ (@) ಚಿಹ್ನೆ 1971ರಲ್ಲಿ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ ಆರಿಸ್ಕೊಂಡಿದ್ದು, ಅದರ ಎಡಕ್ಕೆ ಇರೋದು ನೀವು, ಬಲಕ್ಕೆ ಇರೋದು ನಿಮ್ಮ ಮೇಲ್ ಪೆಟ್ಟಿಗೆ ಇರೋ ಜಾಗ ಅಂತೆಲ್ಲ ಹೇಳಿ, ನಿಮ್ಮದೇ ನಿಜವಾದ ಒಂದು ವಿಷಯ ಇಟ್ಕೊಂಡು ನಂಗೆ ಮೇಲ್ ಹಾಕಿ ಅಂದೆ.

ಬಂದವುಗಳಲ್ಲಿ ಅರ್ಧಕ್ಕರ್ಧ 'ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್' ಅಂತಲೇ ಶುರು, ಮೇಲೆ ನೋಡಿದ್ರೆ ಸಬ್ಜೆಕ್ಟ್ ಖಾಲಿ. ಮಕ್ಕಳನ್ನ ಬೈಯೋಕೆ ಮನಸ್ಸು ಬರಲ್ಲ, 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಹೈಸ್ಕೂಲಿಂದ ಬಾಯಿಪಾಠ ಮಾಡ್ಸಿರೋದು ನಾವೇ.

ಒಂದು ಮೇಲ್ ಯಾರದೋ ಗಂಡಸಿನ ಹೆಸರಲ್ಲಿ ಬಂದಿತ್ತು. ತೆರೆದ್ರೆ ಕೊನೇ ಬೆಂಚಿನ ಹುಡುಗಿ. ಅಡ್ಮಿಷನ್ ಟೈಮಲ್ಲಿ ಸೈಬರ್ ಸೆಂಟರಿನವರು ಮಾಡ್ಕೊಟ್ಟ ಐಡಿಯಂತೆ, ಪಾಸ್‌ವರ್ಡೂ ಅವರ ಹತ್ರಾನೇ ಇದೆ. ಒಂಬತ್ತು ಸಾಲಲ್ಲಿ ಎಂಟು ಸಾಲು ನಾನು ಬಡ ವಿದ್ಯಾರ್ಥಿನಿ, ತಮ್ಮ ಅಮೂಲ್ಯ ಸಮಯ ಹಾಳು ಮಾಡ್ತಿದ್ದೀನಿ ಕ್ಷಮಿಸಿ ಅಂತ, ಒಂಬತ್ತನೇ ಸಾಲಲ್ಲಿ ಸ್ಕಾಲರ್‌ಶಿಪ್ ಬಂದಿಲ್ಲ. ಅಪ್ಲಿಕೇಶನ್ ನಂಬರ್ ಇಲ್ಲ, ತನ್ನ ಹೆಸರೇ ಇಲ್ಲ. "ಇದನ್ನೇ ಮೂರು ತಿಂಗಳ ಹಿಂದೆ ಆಫೀಸಿಗೂ ಕಳ್ಸಿದ್ದೆ ಮೇಡಂ, ರಿಪ್ಲೈ ಬಂದಿಲ್ಲ" ಅಂದ್ಲು. ಮೂರು ತಿಂಗಳು ಕಾದಿದ್ದಾಳೆ. ಅಲ್ಲಿ ಕೂತೋರು ನಂಬರ್ ಕಳ್ಸಮ್ಮ ಅಂತ ಒಂದು ಸಾಲು ಬರೀಬಹುದಿತ್ತು, ಅದಕ್ಕೂ ಅವರಿಗೆ ಪುರುಸೊತ್ತಾಗಿಲ್ಲ ಅನ್ನೋದು ನಂಗೆ ಇನ್ನೂ ಸಿಟ್ಟು.

ಕ್ಲಾಸ್ ಮುಗಿದ್ಮೇಲೆ ಇಬ್ರೂ ಕೂತು ತಿದ್ದಿದ್ವಿ. ಸಬ್ಜೆಕ್ಟಲ್ಲಿ ಅಪ್ಲಿಕೇಶನ್ ನಂಬರ್. ಕೆಳಗೆ ಮೂರೇ ಸಾಲು, ಹಣ ಬಂದಿಲ್ಲ, ಬ್ಯಾಂಕಲ್ಲಿ ಆಧಾರ್ ಸೀಡಿಂಗ್ (ಅಕೌಂಟಿಗೆ ಆಧಾರ್ ಜೋಡಣೆ) ಆಗಿದೆ ಅಂದಿದ್ದಾರೆ, ಎಲ್ಲಿ ನಿಂತಿದೆ ದಯವಿಟ್ಟು ತಿಳಿಸಿ. ಅವಳು ಎರಡು ಸಲ ಓದಿ ಕೇಳಿದ್ಲು, "ಇಷ್ಟು ನೇರವಾಗಿ ಕೇಳಿದ್ರೆ ಅವ್ರಿಗೆ ಬೇಜಾರಾಗಲ್ವಾ ಮೇಡಂ?"

ಇದೇ ಹುಡುಗಿ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರ್ತಾಳೆ. ಫ್ಯಾಟ್ ಕಮ್ಮಿ ಬರೆದ್ರೆ ಏನ್ಮಾಡ್ತೀಯ ಅಂತ ಕೇಳ್ದೆ. "ಇನ್ನೊಂದ್ಸಲ ಟೆಸ್ಟ್ ಮಾಡಿ ಅಣ್ಣ ಅಂತೀನಿ." ಅಲ್ಲಿ ಬೇಜಾರಿನ ಪ್ರಶ್ನೆ ಬರಲೇ ಇಲ್ಲ. ಕನ್ನಡದಲ್ಲಿ ತನ್ನ ಹಾಲಿನ ಲೆಕ್ಕ ಕೇಳೋಳು ಇಂಗ್ಲಿಷಿಗೆ ಬಂದ ತಕ್ಷಣ ಕೈಮುಗಿದು ನಿಂತ್ಕೋತಾಳೆ, ಯಾಕಂದ್ರೆ ನಾವು ಕೊಟ್ಟಿರೋ ಇಂಗ್ಲಿಷೇ ಅಂಥದ್ದು, ರಜೆ ಚೀಟಿಯ ಇಂಗ್ಲಿಷ್, 'ಯುವರ್ಸ್ ಒಬೀಡಿಯಂಟ್ಲಿ' ಇಲ್ದಿದ್ರೆ ನಾನೇ ಮಾರ್ಕ್ಸ್ ಕಳೆದಿದ್ದೀನಿ. ಗ್ರಾಮರ್ ತಪ್ಪು ನಾಳೆ ತಿದ್ಕೋಬಹುದು, ಈ ಭಯ ತಿದ್ದೋಕೆ ಯಾವ ಸೆಮಿಸ್ಟರಲ್ಲೂ ಒಂದು ಕ್ಲಾಸ್ ಇಟ್ಟಿಲ್ಲ.

ಕಳಿಸೋ ಮುಂಚೆ ಒಂದು 'ಸಾರಿ' ವಾಪಸ್ ಸೇರಿಸಿದ್ಲು. ಬೇಡ ಅನ್ನಲಿಲ್ಲ. ಸೋಮವಾರ ಅವಳ ಹೆಸರಲ್ಲೇ ಹೊಸ ಐಡಿ ಮಾಡಿಸ್ಬೇಕು, ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿರೋ ಹಾಗೆ.